ಕಂಪ್ಯೂಟರಿನಲ್ಲಿರುವ ನಿಮ್ಮ ಆರೋಗ್ಯ ದಾಖಲೆ ಸರಿಯಾಗಿದೆಯೇ?

ಇಂದು ಹೆಚ್ಚಿನ ಆಸ್ಪತ್ರೆ, ಲ್ಯಾಬ್‌ಗಳಲ್ಲಿ ರೋಗಿಯ ವಿವರ ಕಂಪ್ಯೂಟರಿಗೆ ಸೇರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ‘ಆಭಾ’ ಸಂಖ್ಯೆ ಪಡೆಯಬಹುದು. ಅದಕ್ಕೆ ಜೋಡಿಸಿದ ದಾಖಲೆಗಳನ್ನು ನಿಮ್ಮ ಒಪ್ಪಿಗೆಯಿದ್ದರೆ ಬೇರೆ ಆಸ್ಪತ್ರೆಯ ವೈದ್ಯರೂ ನೋಡಬಹುದು. ಇದು ಒಳ್ಳೆಯ ಅನುಕೂಲ. ಆದರೆ ತಪ್ಪು ಬರೆಸಿದರೆ ಆ ತಪ್ಪೂ ನಿಮ್ಮ ಜೊತೆಗೇ ಬರುತ್ತದೆ. ಆದ್ದರಿಂದ ಮನೆಯವರು ಈ ವಿಷಯಗಳನ್ನು ಗಮನಿಸಬೇಕು.

ಹೆಸರು: ಮುಹಮ್ಮದ್ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಒಂದು ಕಡೆ ‘ಫಾತಿಮಾ ಬೀ’ ಆದವರು ಇನ್ನೊಂದು ಕಡೆ ‘ಫಾತಿಮಾ ಬೇಗಂ’ ಆಗುತ್ತಾರೆ. ಕಂಪ್ಯೂಟರಿಗೆ ಇವರು ಇಬ್ಬರು. ‘ಪೆನಿಸಿಲಿನ್ ಅಲರ್ಜಿ’ ಎಂಬ ಮಾಹಿತಿ ಮೊದಲ ಹೆಸರಿನಲ್ಲಿದ್ದು, ಎರಡನೇ ಹೆಸರಿನಲ್ಲಿ ಚೀಟಿ ಮಾಡಿಸಿದರೆ, ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆದುಕೊಡುವ ಅಪಾಯವಿದೆ. ಆಧಾರ್‌ನಲ್ಲಿರುವ ಹೆಸರನ್ನೇ ಎಲ್ಲೆಡೆ ಬರೆಸಿರಿ. ಅಣ್ಣನ ಚೀಟಿಯಲ್ಲಿ ತಮ್ಮನಿಗೆ ಮದ್ದು ಬರೆಸಬೇಡಿ.

ವಯಸ್ಸು: ಹಿರಿಯರ ವಯಸ್ಸನ್ನು ಅಂದಾಜಿನಲ್ಲಿ ಹೇಳುವುದು ವಾಡಿಕೆ. ಆದರೆ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬ ಲೆಕ್ಕವನ್ನು ರಕ್ತದ ಕ್ರಿಯಾಟಿನಿನ್ ಜೊತೆಗೆ ವಯಸ್ಸನ್ನೂ ಸೇರಿಸಿ ಮಾಡುತ್ತಾರೆ. 70ರವರನ್ನು 55 ಎಂದು ಬರೆಸಿದರೆ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆ ಎಂದು ಕಾಣುತ್ತದೆ. ಮದ್ದಿನ ಪ್ರಮಾಣವೂ ತಪ್ಪಬಹುದು.

ಅಳತೆ: ಸಕ್ಕರೆಯ ಪ್ರಮಾಣ 126 ಎಂದಷ್ಟೇ ಬರೆದರೆ ಸಾಲದು. ಖಾಲಿ ಹೊಟ್ಟೆಯಲ್ಲಿ 126 ಬಂದರೆ ಮಧುಮೇಹದ ಶಂಕೆ, ಮತ್ತೊಮ್ಮೆ ಪರೀಕ್ಷಿಸಬೇಕು. ಊಟವಾಗಿ ಎರಡು ಗಂಟೆಯ ನಂತರದ 126 ಸಾಮಾನ್ಯ. ಯಾವಾಗಿನ ಪರೀಕ್ಷೆ ಎಂಬುದನ್ನೂ ಬರೆಸಿರಿ. ಮಕ್ಕಳ ಮದ್ದನ್ನು ತೂಕ ನೋಡಿ ಕೊಡುವುದರಿಂದ ಪ್ರತಿ ಸಲವೂ ಹೊಸದಾಗಿ ತೂಕ ಮಾಡಿಸಿರಿ. ರಕ್ತದ ಗುಂಪನ್ನು ನೆನಪಿನಿಂದ ಹೇಳಬೇಡಿ, ಲ್ಯಾಬಿನ ವರದಿ ತೋರಿಸಿರಿ.

ಮದ್ದುಗಳು: ಯುನಾನಿ ಮದ್ದು ತೆಗೆದುಕೊಳ್ಳುವ ಹಲವರು ಅಲೋಪತಿ ವೈದ್ಯರ ಬಳಿ ಅದನ್ನು ಹೇಳುವುದೇ ಇಲ್ಲ. ಇದು ಸರಿಯಲ್ಲ. ಜ್ಯೇಷ್ಠಮಧುವನ್ನು ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಬಹುದು. ಅದು ದಾಖಲೆಯಲ್ಲಿ ಇಲ್ಲದಿದ್ದರೆ ವೈದ್ಯರು ಬಿಪಿ ಮಾತ್ರೆಯನ್ನಷ್ಟೇ ಹೆಚ್ಚಿಸುತ್ತಾರೆ. ಮಾಜೂನ್, ಕುಶ್ತಾ, ಮನೆಮದ್ದು ಎಲ್ಲವನ್ನೂ ಹೇಳಿರಿ. ಹಾಗೆಯೇ ನಮ್ಮಲ್ಲಿಗೆ ಬರುವಾಗ ಅಲೋಪತಿ ಮಾತ್ರೆಗಳ ಪಟ್ಟಿ ತನ್ನಿರಿ.

ತಿದ್ದುಪಡಿ: ಚೀಟಿ ಕೈಗೆ ಬಂದ ಕೂಡಲೇ ಹೆಸರು, ವಯಸ್ಸು, ಗಂಡು-ಹೆಣ್ಣು, ಮೊಬೈಲ್ ಸಂಖ್ಯೆ, ಅಲರ್ಜಿ, ಇಷ್ಟನ್ನು ಓದಿರಿ. ಓದಲು ಬಾರದ ಹಿರಿಯರ ಜೊತೆ ಮನೆಯ ಮಕ್ಕಳು ಹೋಗಲಿ. ತಪ್ಪಿದ್ದರೆ ಕೌಂಟರಿನಲ್ಲೇ ತಿದ್ದಿಸಿರಿ. ಚೀಟಿಯ ಮೇಲೆ ಪೆನ್ನಿನಿಂದ ತಿದ್ದಿದರೆ ಸಾಲದು, ಕಂಪ್ಯೂಟರಿನಲ್ಲಿ ಬದಲಾಗಬೇಕು; ಹೊಸ ಪ್ರತಿ ಕೇಳಿ ಪಡೆಯಿರಿ. ಸಾಲು ಉದ್ದವಿದೆ ಎಂದು ಸಂಕೋಚಪಡಬೇಡಿ. ಎರಡು ನಿಮಿಷದ ಈ ಕೆಲಸ ಮುಂದೊಂದು ದಿನ ಒಂದು ಜೀವವನ್ನೇ ಉಳಿಸಬಹುದು.