ದೋಣಿಯ ಪಾಲು ದೋಣಿಗೇ ಸೇರಲಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ಬೆಂಗಳೂರಿನ ಬೇಕರಿ ಬಿಟ್ಟು ಬಂದು ಅಪ್ಪನ ದೋಣಿ ಹಿಡಿದೆಯಂತೆ. ನೋಂದಣಿಯೂ ನಿನ್ನ ಹೆಸರಿಗಾಯಿತು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸ್ವರದಲ್ಲಿ ಖುಷಿಯೂ ಇತ್ತು, ಹೆದರಿಕೆಯೂ ಇತ್ತು. ಮಾರನೆಯ ದಿನವೇ ನಿನ್ನ ಮೆಸೇಜು: "ಮಾವ, ಯಾವ ಇಂಜಿನ್ ತೆಗೊಳ್ಳಲಿ?" ಈ ವರ್ಷ ಯಾವುದೂ ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಯಾಕೆ ಬೇಡ ಎಂದು ಬರೆಯಲು ಕೂತರೆ ಪತ್ರ ಬೆಳೆಯಿತು. ಮರವಂತೆ, ಕೊಡೇರಿ, ಉಪ್ಪುಂದ, ಅಳಿವೆಗದ್ದೆ ಕಡೆ ನಿನ್ನ ಹಾಗೆ ಹೊಸದಾಗಿ ಯಜಮಾನಿಕೆ ವಹಿಸಿಕೊಂಡ ಹುಡುಗರಿದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಕೊಟ್ಟೆ. ಹೆಸರು ಹಾಕಿಲ್ಲ, ಸಿಟ್ಟಾಗಬೇಡ.

ಮೊದಲು ದುಡ್ಡಿನ ಮಾತು. ಮೀನು ಮಾರಿ ಬಂದದ್ದರಲ್ಲಿ ಎಣ್ಣೆ, ಮಂಜುಗಡ್ಡೆ, ಊಟತಿಂಡಿಯ ಖರ್ಚು ಕಳೆದು ಉಳಿದದ್ದನ್ನು ಪಾಲು ಹಾಕುತ್ತಾರೆ, ಗೊತ್ತಲ್ಲ. ಕಡಲಿಗೆ ಇಳಿದವರಿಗೆ ಇಷ್ಟು, ದೋಣಿ, ಬಲೆ, ಇಂಜಿನ್ನಿಗೆ ಇಷ್ಟು ಎಂದು. ಲೆಕ್ಕ ಊರಿಂದ ಊರಿಗೆ ಬೇರೆ, ಬಲೆಯಿಂದ ಬಲೆಗೂ ಬೇರೆ. ಆದರೆ ದೋಣಿಗೆ ಒಂದು ಪಾಲು ಎಲ್ಲ ಕಡೆಯೂ ಇದೆ. ಹೊಸ ಯಜಮಾನರು ಎಡವುವುದು ಇಲ್ಲಿಯೇ. ದೋಣಿ ನನ್ನದು, ಹಾಗಾಗಿ ದೋಣಿಯ ಪಾಲೂ ನನ್ನದು ಎಂದುಕೊಂಡು ಅದನ್ನೂ ತಮ್ಮ ದುಡಿಮೆಯ ಪಾಲನ್ನೂ ಒಂದೇ ಜೇಬಿಗೆ ಇಳಿಸುತ್ತಾರೆ. ನೀನೂ ಕಡಲಿಗೆ ಹೋಗುತ್ತೀಯಲ್ಲ, ನಿನಗೆ ಆಳಿನ ಪಾಲು ಒಂದಿದೆ. ಮನೆ ನಡೆಯಬೇಕಾದದ್ದು ಅದರಲ್ಲಿ. ದೋಣಿಯ ಪಾಲಿಗೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಬೇರೆ ಖಾತೆ ತೆರೆ. ಪಾಸ್‌ಬುಕ್ ಅಕ್ಕನ ಕೈಯಲ್ಲಿರಲಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು ಅವಳು, ನೂರು ರೂಪಾಯಿ ಎತ್ತಲೂ ನಿನ್ನಿಂದ ಕಾರಣ ಕೇಳುತ್ತಾಳೆ. ಕೇಳಲಿ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ವರಾಹಸ್ವಾಮಿಗೆ ಕಾಣಿಕೆ ಹಾಕುವುದಿದ್ದರೂ ನಿನ್ನ ಪಾಲಿನಿಂದ ಹಾಕು. ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಕಡೆ ಮೀನು ಸಿಗದ ವರ್ಷ ಸಾಲಕ್ಕೆ ಬಿದ್ದವರಿಗಿಂತ, ರಾಶಿ ಬಿದ್ದ ವರ್ಷ ಸಾಲಕ್ಕೆ ಬಿದ್ದವರನ್ನೇ ನಾನು ಹೆಚ್ಚು ಕಂಡಿದ್ದೇನೆ. 2012ರ ಹೊತ್ತಿಗೆ ಬೂತಾಯಿ ಎಷ್ಟು ಬಂತೆಂದರೆ ಸುರಿಯಲು ಜಾಗ ಸಾಲದಾಯಿತು. ಇದೇ ಶಾಶ್ವತ ಎಂದುಕೊಂಡು ಎರಡನೇ ದೋಣಿ, ಎರಡನೇ ಬಲೆ ಮಾಡಿದವರಿದ್ದರು. ಮೂರ್ನಾಲ್ಕು ವರ್ಷದೊಳಗೆ ಬೂತಾಯಿ ಹುಡುಕಬೇಕಾಯಿತು, ಕಂತು ಮಾತ್ರ ನಿಲ್ಲಲಿಲ್ಲ. ಇನ್ನೊಂದು, ಮೀನು ಕೊಳ್ಳುವವರಿಂದ ಮುಂಗಡ ತಗೊಳ್ಳಬೇಡ. ಬಡ್ಡಿ ಇಲ್ಲ ಎನ್ನುತ್ತಾರೆ, ನಿಜವೇ. ಆದರೆ ಆಮೇಲೆ ಅಂಜಲ್ ಬಿದ್ದರೂ, ಮಾಂಜಿ ಬಿದ್ದರೂ ದರ ಹೇಳುವವರು ಅವರೇ. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಮೀನುಗಾರರಿಗೂ ಸಿಗುತ್ತಿದೆ. ಬ್ಯಾಂಕಿಗೆ ನಾಲ್ಕು ಸಲ ಅಲೆದರೂ ಅಡ್ಡಿಯಿಲ್ಲ, ಅದನ್ನೇ ಮಾಡಿಸಿಕೋ.

ಈಗ ದೋಣಿಗೆ ಬರುತ್ತೇನೆ. ಟ್ರಾಲ್ ದೋಣಿಯವರಿಗೆ ಮಳೆಗಾಲ ದುರಸ್ತಿಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವರು ಕಡಲಿಗಿಳಿಯುವ ಹಾಗಿಲ್ಲ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ತೂಫಾನ್ ಎದ್ದು ಕಡಲು ಕಲಕಿ, ಆಮೇಲೆ ನೀರು ತಣ್ಣಗಾದಾಗ ಸಿಗಡಿ ಬೀಳುವುದು ನಮಗೆ. ಹಾಗಾಗಿ ನಿನ್ನ ದುರಸ್ತಿ ಎಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಫೈಬರ್ ಕೆಲಸಕ್ಕೆ ಬಿಸಿಲೂ ಬೇಕು. ಹಸಿ ಮೈಗೆ ರೆಸಿನ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡು ಜುಲೈಯಲ್ಲಿ ಪದರ ಪದರವಾಗಿ ಏಳುತ್ತದೆ.

ಅಜ್ಜನ ಕಾಲದ ಮರದ ದೋಣಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು. ಹಲಗೆ ಸಡಿಲವಾದರೆ ನೀರು ಒಸರುತ್ತಿತ್ತು, ಮೀನೆಣ್ಣೆ ಕುಡಿಸುವುದು ತಡವಾದರೆ ಬಿರುಕು ಕಾಣುತ್ತಿತ್ತು. ಫೈಬರ್ ದೋಣಿ ಹೊರಗೆ ಹೊಳೆಯುತ್ತಲೇ ಒಳಗೆ ಕೊಳೆಯುತ್ತದೆ. ದೋಣಿಯನ್ನು ದಡಕ್ಕೆ ಎಳೆಸಿ, ಮಗುಚಿ, ಒಣಗಲು ಬಿಡು. ಆಮೇಲೆ ಒಂದು ನಾಣ್ಯ ಹಿಡಿದು ತಳವನ್ನು ಗೇಣು ಗೇಣಿಗೂ ತಟ್ಟುತ್ತ ಹೋಗು. ಗಟ್ಟಿ ಜಾಗ ಟಣ್ ಎನ್ನುತ್ತದೆ. ಪದರ ಬಿಟ್ಟ ಜಾಗದಲ್ಲಿ ಸದ್ದು ಟೊಳ್ಳು. ಸೀಮೆಸುಣ್ಣದಲ್ಲಿ ಅಲ್ಲೊಂದು ಗುರುತು ಹಾಕು. ಮರಳಿನ ಮೇಲೆ ಎಳೆದು ಎಳೆದು ತಳದ ನಡುಗೆರೆ ಸವೆದಿರುತ್ತದೆ, ಮ್ಯಾಟಿನ ನೂಲು ಕಂಡರೆ ನೀರು ಒಳಗೆ ಹೋಗಿದೆ ಎಂದೇ ಲೆಕ್ಕ. ಗುರುತು ಹಾಕಿದ ಜಾಗವನ್ನು ಸುತ್ತ ಗಟ್ಟಿ ಭಾಗ ಸಿಗುವವರೆಗೆ ಉಜ್ಜಿ ತೆಗೆದು, ಸಿಹಿನೀರಲ್ಲಿ ಉಪ್ಪು ತೊಳೆದು, ಚೆನ್ನಾಗಿ ಒಣಗಿಸಿ ಮ್ಯಾಟ್ ಕೂರಿಸಬೇಕು. ರೆಸಿನ್ ಕಲಸುವಾಗ ಒಂದು ಎಚ್ಚರ: ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡ್ನರ್ ಹಾಕಬೇಕು. ಅವೆರಡನ್ನೂ ನೇರವಾಗಿ ಒಟ್ಟಿಗೆ ಸುರಿದರೆ ಬೆಂಕಿಯೇಳುತ್ತದೆ, ಸಿಡಿಯಲೂಬಹುದು. ಬಾಟಲಿಗಳನ್ನೂ ದೂರ ದೂರ ಇಡು.

ಇಂಜಿನ್ ಕೂರುವ ಹಿಂದಿನ ಹಲಗೆಯನ್ನು ಬೇರೆಯಾಗಿಯೇ ನೋಡಬೇಕು. ಹೊರಗೆ ಫೈಬರ್ ಇದ್ದರೂ ಒಳಗಿರುವುದು ಮರವೋ ಪ್ಲೈವುಡ್ಡೋ. ಬೋಲ್ಟಿನ ತೂತಿನಿಂದ ಹನಿ ಹನಿಯಾಗಿ ನೀರು ಇಳಿದು ಅದು ಕುಂಬಾಗುತ್ತದೆ. ಇಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಒತ್ತಿ ನೋಡು, ಹಲಗೆ ಕೂಡ ಅಲುಗಿದರೆ ಮುಗಿಯಿತು, ಬಿಚ್ಚಿ ಹೊಸದು ಕೂರಿಸಬೇಕು. ಹೊಸ ಇಂಜಿನ್ ಈ ವರ್ಷ ಬೇಡ ಎಂದದ್ದು ಇದಕ್ಕೇ. ಗೆಳೆಯರು ನಿನಗೆ ದೊಡ್ಡ ಇಂಜಿನ್ನಿನ ಆಸೆ ಹುಟ್ಟಿಸಿರುತ್ತಾರೆ. ಹಳೆಯ ಹಲಗೆಗೆ ಹೆಚ್ಚಿನ ಭಾರ, ಹೆಚ್ಚಿನ ಸೆಳೆತ ತಡೆಯದು. ಅದಲ್ಲದೆ ನಿಷೇಧದ ಆ 61 ದಿನ ದೋಣಿ ಇಳಿಸಲು ಬಿಡುವುದು 10 ಅಶ್ವಶಕ್ತಿಯವರೆಗಿನ ಇಂಜಿನ್ನಿಗೆ ಮಾತ್ರ. ದೊಡ್ಡದನ್ನು ತಂದು ಕಟ್ಟಿದರೆ, ದುಡಿಮೆಯ ಕಾಲದಲ್ಲೇ ದಡದಲ್ಲಿ ಕೂತು ಬೇರೆಯವರ ಸಿಗಡಿ ಎಣಿಸಬೇಕಾಗುತ್ತದೆ.

ಅಪ್ಪನ ಹಳೆಯ ಇಂಜಿನ್ನಿನಲ್ಲಿ ಇನ್ನೂ ಜೀವ ಇದೆ. ಗೇರ್ ಆಯಿಲ್ ಇಳಿಸಿ ಬಣ್ಣ ನೋಡು, ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಬಲೆಯ ತಂಗೂಸು ಫ್ಯಾನಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ, ಆದ್ದರಿಂದ ಆಗಾಗ ಫ್ಯಾನ್ ಕಳಚಿ ನೋಡುವುದು ರೂಢಿಯಾಗಲಿ. ಓಡುವಾಗ ಹಿಂದಿನ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಧಾರೆ ಸಣ್ಣಗಾದರೆ ಒಳಗಿನ ರಬ್ಬರ್ ಇಂಪೆಲರ್ ಸವೆದಿದೆ, ಇಲ್ಲವೇ ಮರಳು ಕಟ್ಟಿದೆ. ಅಷ್ಟಕ್ಕೇ ಇಂಜಿನ್ ನಿಲ್ಲಿಸಿ ನೋಡು, "ದಡಕ್ಕೆ ಹೋದ ಮೇಲೆ ನೋಡುವ" ಎಂದು ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ. ದಿನಾ ಸಂಜೆಯ ಕೆಲಸ ಇನ್ನೂ ಸುಲಭ. ದಡ ಮುಟ್ಟುವ ಸ್ವಲ್ಪ ಮೊದಲೇ ಸೀಮೆಎಣ್ಣೆ ಬಂದ್ ಮಾಡಿ ಪೆಟ್ರೋಲಿಗೆ ತಿರುಗಿಸು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿದರೆ ಬೆಳಿಗ್ಗೆ ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಳ್ಳುವುದು ತಪ್ಪುತ್ತದೆ. ಮನೆಗೆ ತಂದು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಓಡಿಸು. ಸುಸ್ತಾಗಿರುತ್ತದೆ, ನಾಳೆ ಮಾಡುವ ಅನಿಸುತ್ತದೆ. ಉಪ್ಪು ನಾಳೆಯವರೆಗೆ ಕಾಯುವುದಿಲ್ಲ. ಸೀಮೆಎಣ್ಣೆಯನ್ನಂತೂ ಸೋಸದೆ ಟ್ಯಾಂಕಿಗೆ ಹಾಕಲೇಬೇಡ, ಕ್ಯಾನಿನ ತಳದಲ್ಲಿ ಎಷ್ಟು ನೀರಿರುತ್ತದೆಂದು ಒಂದು ಸಲ ಗಾಜಿನ ಬಾಟಲಿಗೆ ಹೊಯ್ದು ನೋಡಿದರೆ ಗೊತ್ತಾಗುತ್ತದೆ.

ಬಲೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಅದು ಕಾಗದದಲ್ಲಿ ಕಲಿಯುವ ವಿದ್ಯೆಯಲ್ಲ. ಕೇರಿಯಲ್ಲಿ ಕಣ್ಣು ಮಂಜಾದರೂ ಬೆರಳಲ್ಲೇ ಹರಿದ ಕಣ್ಣು ಹುಡುಕಿ ಹೆಣೆಯುವ ಹಿರಿಯರಿದ್ದಾರೆ. ಅವರ ಪಕ್ಕ ಹೋಗಿ ಕೂರು, ವೀಳ್ಯ ತೆಗೆದುಕೊಂಡು ಹೋಗು.

ಕಾಗದಪತ್ರವನ್ನು ಹುಡುಗರು ಹಗುರಾಗಿ ನೋಡುತ್ತಾರೆ. ನೋಂದಣಿ, ಮೀನುಗಾರಿಕೆ ಪರವಾನಗಿ, ಸೀಮೆಎಣ್ಣೆ ರಹದಾರಿ, ಪ್ರತಿಯೊಬ್ಬನ ಗುರುತಿನ ಚೀಟಿ ಇವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಇರಬೇಕು, ಒಂದೊಂದು ನಕಲು ಮನೆಯಲ್ಲೂ ಇರಬೇಕು. ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಪ್ರಾಣ ಹೋದರೆ ಮನೆಯವರಿಗೆ 5 ಲಕ್ಷ ಸಿಗುತ್ತದೆ, ಪ್ರೀಮಿಯಂ ಸರ್ಕಾರವೇ ಕಟ್ಟುತ್ತದೆ. ಆದರೆ ಹೆಸರು ಪಟ್ಟಿಯಲ್ಲಿ ಇರಬೇಕಲ್ಲ! ನಿನ್ನ ಜೊತೆ ಬರುವವರ ಹೆಸರು ಸೇರಿದೆಯೋ ಇಲ್ಲವೋ ನೋಡಬೇಕಾದ್ದು ನೀನೇ. ಆಳುಗಳು ಎಂದು ಕರೆಯುವುದು ಬಾಯಿಮಾತಿಗೆ, ಅವರ ಹೆಂಡತಿ ಮಕ್ಕಳಿಗೆ ಉತ್ತರ ಹೇಳಬೇಕಾದವನು ನೀನು. ದೋಣಿಯ ವಿಮೆ ಮಾತ್ರ ಬೇರೆ, ಅದಕ್ಕೆ ದೋಣಿಯ ಖಾತೆಯಿಂದಲೇ ಕಟ್ಟು.

ಅಳಿವೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಗಂಗೊಳ್ಳಿಯಲ್ಲಿ ಐದು ಹೊಳೆಯ ನೀರು ಒಂದೇ ಬಾಗಿಲಲ್ಲಿ ಕಡಲಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಹೂಳು ಜಾಗ ಬದಲಿಸುತ್ತಲೇ ಇರುತ್ತದೆ, ಹೋದ ವರ್ಷದ ದಾರಿ ಈ ವರ್ಷದ್ದಲ್ಲ. ಇಳಿತದ ಹೊತ್ತಿಗೆ ಹೊಳೆ ನೀರು ಹೊರಗೆ ಎಳೆಯುವಾಗ ಒಳಗೆ ಬರುವ ಅಲೆ ಎದ್ದು ನಿಲ್ಲುತ್ತದೆ, ದೋಣಿ ಮಗುಚುವುದು ಹೆಚ್ಚಾಗಿ ಆಗಲೇ. ಮೀನು ತುಂಬಿಸಿಕೊಂಡು ಬರುವಾಗ ಅಳಿವೆಯ ಹೊರಗೆ ನಿಂತು ಅಲೆಗಳನ್ನು ನೋಡು. ದೊಡ್ಡವು ಸಾಲಾಗಿ ಬಂದು ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಸಿಗದಿದ್ದರೆ ಭರತ ಬರುವವರೆಗೆ ಅಲ್ಲೇ ಕಾಯಬೇಕು. ಮೀನು ಹಾಳಾದರೆ ಹಾಳಾಗಲಿ. ಬೇಗ ಹೋದವನಿಗೆ ಒಳ್ಳೆಯ ದರ ಎಂದು ಹಿಂದಿನಿಂದ ಯಾರಾದರೂ ಒತ್ತಾಯ ಮಾಡಿದರೆ, ಅವನಿಗೆ ಚುಕ್ಕಾಣಿ ಕೊಡಬೇಡ. ಲೈಫ್ ಜಾಕೆಟ್ ಹಾಕಿಕೊಂಡರೆ ಬಲೆ ಎಳೆಯಲು ಅಡ್ಡ ಎನ್ನುತ್ತಾರೆ, ಇರಬಹುದು. ಅಳಿವೆ ದಾಟುವಾಗ ಯಾರೂ ಬಲೆ ಎಳೆಯುವುದಿಲ್ಲವಲ್ಲ, ಅಷ್ಟು ಹೊತ್ತಾದರೂ ಎಲ್ಲರೂ ಹಾಕಿಕೊಳ್ಳಲೇಬೇಕು, ಮೊದಲು ನೀನು.

ಮಲ್ಪೆಯಿಂದ 2018ರ ಡಿಸೆಂಬರಿನಲ್ಲಿ ಹೊರಟ ಸುವರ್ಣ ತ್ರಿಭುಜ ದೋಣಿ 7 ಮಂದಿಯೊಡನೆ ಕಾಣೆಯಾದದ್ದು, ಅದರ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ಸಿಕ್ಕಿದ್ದು ಮರುವರ್ಷದ ಮೇಯಲ್ಲಿ, ಇದು ನಿನಗೂ ನೆನಪಿದೆ. ಅದು ದೊಡ್ಡ ದೋಣಿ, ನಮ್ಮದು ಸಣ್ಣದು, ದಡದ ಹತ್ತಿರವೇ ಇರುತ್ತೇವೆ ಎನ್ನಬೇಡ. ಯಾವ ಕಡೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ, ಜೊತೆಗೆ ಯಾರ್ಯಾರು ಎಂಬುದನ್ನು ಹೊರಡುವ ಮೊದಲು ಅಕ್ಕನಿಗೆ ಹೇಳಿಯೇ ಹೋಗು. ಕೋಸ್ಟ್ ಗಾರ್ಡ್ ನಂಬರು 1554, ಕರಾವಳಿ ಕಾವಲು ಪೊಲೀಸರದ್ದು 1093. ಫೋನಿನಲ್ಲಿ ಉಳಿಸಿಕೊಂಡರೆ ಸಾಲದು, ನೀನೇ ನೀರಿಗೆ ಬಿದ್ದರೆ ಉಳಿದವರಿಗೆ ನಿನ್ನ ಫೋನಿನ ಲಾಕ್ ಗೊತ್ತಿರುವುದಿಲ್ಲ. ಎರಡು ನಂಬರನ್ನೂ ದೋಣಿಯ ಒಳಮೈಗೆ, ಎಲ್ಲರಿಗೂ ಕಾಣುವ ಕಡೆ, ದೊಡ್ಡ ಅಕ್ಷರದಲ್ಲಿ ಪೇಂಟಿನಲ್ಲಿ ಬರೆಸು. ಮುಂದಿನ ವಾರ ನಾನು ಬರುವಷ್ಟರಲ್ಲಿ ಅದಾಗಿರಲಿ.

ಇತಿ,
ನಿನ್ನ ಮಾವ