ತಗ್ಗುಗಾಡಿ

ಪಿರಿಯಾಪಟ್ಟಣದ ನೆರೆಯ ಹುಣಸೂರಿನಲ್ಲಿ ಹಿಂದೆ ಬ್ರಿಟಿಷ್ ಸೈನ್ಯಕ್ಕೆ ಗಾಡಿಗಳನ್ನು ಕಟ್ಟಿಕೊಡುವ ಕಾರ್ಯಾಗಾರವಿತ್ತು. 1864ರಲ್ಲಿ ಅದು ಮುಚ್ಚಿದರೂ ಅಲ್ಲಿ ಪಳಗಿದವರ ಕಸುಬು ಊರಿನಲ್ಲಿಯೇ ಉಳಿಯಿತು. ಎತ್ತಿನ ಗಾಡಿಗೆ ದೊಡ್ಡ ಗಾಲಿಗಳು ಬೇಕು. ಹಳ್ಳದಿಣ್ಣೆಗಳ ದಾರಿಯಲ್ಲಿ ಅವು ಸುಲಭವಾಗಿ ಉರುಳುತ್ತವೆ.

ಕಾರ್ಯಾಗಾರದೊಳಗೆ ಯಂತ್ರವನ್ನು ಸಾಗಿಸುವ ಗಾಡಿಯ ಲೆಕ್ಕವೇ ಬೇರೆ. ಲೋಹವನ್ನು ಕಡೆಯುವ ಲೇತ್ ಯಂತ್ರವೊಂದು 1000 ಕಿಲೋಗ್ರಾಂ ತೂಗಬಹುದು. ಅದನ್ನು ಮೇಲೆತ್ತಿದಷ್ಟೂ ಗುರುತ್ವ ಕೇಂದ್ರ ಮೇಲೇರಿ, ಮಗುಚಿ ಬೀಳುವ ಭಯ ಹೆಚ್ಚುತ್ತದೆ. ಆದುದರಿಂದ ಈ ಗಾಡಿ ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿರಬೇಕು. ಎರಡು ದಪ್ಪ ಮತ್ತಿಮರದ ತೊಲೆಗಳನ್ನು ಅಡ್ಡಪಟ್ಟಿಗಳೊಡನೆ ಬೋಲ್ಟು ಹಾಕಿ ಬಿಗಿದು, ಚಿಕ್ಕ ಕಬ್ಬಿಣದ ಗಾಲಿಗಳನ್ನು ಜೋಡಿಸಿದರೆ ಗಾಡಿ ಸಿದ್ಧ. ಗಾಲಿಗಳು ಯಂತ್ರದ ಬುಡಕ್ಕಿಂತ ಅಗಲವಾಗಿ ಹರಡಿರಬೇಕು.

ಮುಂದಿನದೇ ಕಠಿಣವಾದ ಕೆಲಸ. ಹಾರೆಯಿಂದ ಯಂತ್ರದ ಒಂದು ತುದಿಯನ್ನು ಅಂಗುಲದಷ್ಟು ಮೀಟಿ, ಅಡಿಗೆ ಮರದ ತುಂಡನ್ನಿಟ್ಟು, ಬಳಿಕ ಇನ್ನೊಂದು ತುದಿಯನ್ನು ಮೀಟುತ್ತಾರೆ. ಹೀಗೆ ಗೇಣುದ್ದ ಎತ್ತಿದ ಮೇಲೆ ಗಾಡಿಯನ್ನು ಪಕ್ಕದಿಂದ ಒಳಕ್ಕೆ ನೂಕುತ್ತಾರೆ. ಗೇರುಗಳಿರುವ ತಲೆಭಾಗವೇ ಲೇತಿನಲ್ಲಿ ಹೆಚ್ಚು ಭಾರ. ಗಾಡಿ ಆ ಕಡೆಗೆ ಸರಿದಿರಬೇಕು. ಕಣ್ಣಳತೆಯ ನಡುವನ್ನು ನಂಬಿದವರು ಮೋಸಹೋಗುತ್ತಾರೆ. ಮರದ ತುಂಡುಗಳನ್ನು ಒಂದೊಂದಾಗಿ ತೆಗೆದು ಯಂತ್ರವನ್ನು ಇಳಿಸುವಾಗ ಅದರ ಅಡಿಗೆ ಯಾರೂ ಕೈಯೊಡ್ಡಬಾರದು.

ಗಾಡಿ ಹೊರಟಾಗ ಒಬ್ಬನು ಬೆಣೆ ಹಿಡಿದು ಜೊತೆಯಲ್ಲಿಯೇ ನಡೆಯುತ್ತಾನೆ. ನೆಲ ಇಳಿಜಾರಾದೊಡನೆ ಗಾಲಿಗೆ ಬೆಣೆಯಿಡುವುದು ಅವನ ಹೊಣೆ. ಯಂತ್ರ ವಾಲಿತೆಂದರೆ ಅದನ್ನು ತೋಳಿನಿಂದ ತಡೆಯಲು ಅನುಭವಿಗಳು ಹೋಗುವುದಿಲ್ಲ. ಎಲ್ಲರೂ ದೂರ ಸರಿಯುತ್ತಾರೆ.