ಸುಡುಬಿಸಿಲಲ್ಲಿ ಕೋಳಿಗೆ ಯಾವಾಗ, ಏನು ಹಾಕಬೇಕು?

ಏಪ್ರಿಲ್, ಮೇ ಬಂತೆಂದರೆ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ. ಅದಕ್ಕೆ ಬೆವರುವ ಶಕ್ತಿಯೂ ಇಲ್ಲ. ಕೊಕ್ಕು ತೆರೆದು ತೇಕುತ್ತಾ, ರೆಕ್ಕೆ ಅಗಲಿಸಿಯೇ ಅದು ಕಾವು ಇಳಿಸಿಕೊಳ್ಳಬೇಕು. ಇಂಥ ಹೊತ್ತಿನಲ್ಲಿ ಕೋಳಿ ತಿನ್ನುವುದು ಕಡಿಮೆಯಾಯಿತೆಂದು ಗಾಬರಿಯಾಗಿ ನಡುಮಧ್ಯಾಹ್ನ ಕಾಳು ಸುರಿಯುವವರಿದ್ದಾರೆ. ಅದು ಅಪಾಯ. ತಿಂದದ್ದು ಅರಗುವಾಗ ಮೈಯೊಳಗೂ ಶಾಖ ಹುಟ್ಟುತ್ತದೆ, ಗಂಟೆಗಟ್ಟಲೆ ಉಳಿಯುತ್ತದೆ.

ಆದ್ದರಿಂದ ಮೊದಲು ಬದಲಾಗಬೇಕಾದ್ದು ಹೊತ್ತು. ನಸುಕಿನಲ್ಲೇ ಆಹಾರ ಹಾಕಿ, ಹತ್ತು–ಹನ್ನೊಂದರ ಹೊತ್ತಿಗೆ ತೆಗೆದುಬಿಡಬೇಕು. ತೇಕಲು ಶುರುವಾದ ಮೇಲೆ ತೆಗೆದರೆ ಅಷ್ಟು ಉಪಯೋಗವಿಲ್ಲ. ಸಂಜೆ ಐದರ ನಂತರ ಮತ್ತೆ ಹಾಕುವಾಗ ಹಸಿದ ಕೋಳಿಗಳು ಒಂದರ ಮೇಲೊಂದು ನುಗ್ಗುತ್ತವೆ. ಹೆಚ್ಚು ತಟ್ಟೆ ಇಡುವುದು ಒಳ್ಳೆಯದು. ಫಾರಂಗಳಲ್ಲಿ ರಾತ್ರಿ ಒಂದೆರಡು ಗಂಟೆ ದೀಪ ಹಾಕಿ, ತಂಪು ಹೊತ್ತಿನಲ್ಲಿ ತಿನ್ನಿಸುವುದೂ ಉಂಟು.

ನೀರು ಮಾತ್ರ ಒಂದು ಗಳಿಗೆಯೂ ತಪ್ಪಬಾರದು. ಸಾಮಾನ್ಯ ದಿನಗಳಲ್ಲಿ ಕೋಳಿ ತಿಂದ ಆಹಾರದ ಎರಡು ಪಟ್ಟು ನೀರು ಕುಡಿದರೆ, ಕಡುಬೇಸಿಗೆಯಲ್ಲಿ ಅದು ನಾಲ್ಕು ಪಟ್ಟಿಗೂ ಏರಬಹುದು. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನದ ವೇಳೆಗೆ ಕಾದಿರುತ್ತದೆ, ಕಾದ ನೀರನ್ನು ಕೋಳಿ ಕುಡಿಯುವುದಿಲ್ಲ. ಟ್ಯಾಂಕಿಗೆ ನೆರಳು ಮಾಡಿ, ಒದ್ದೆ ಗೋಣಿಚೀಲ ಸುತ್ತಿ, ಪೈಪಿನಲ್ಲಿ ನಿಂತ ಬಿಸಿನೀರನ್ನು ಆಗಾಗ ಹರಿಯಬಿಡಬೇಕು. ಹಿತ್ತಲ ಕೋಳಿಗಾದರೆ ಮರದ ನೆರಳಲ್ಲಿ ಮಣ್ಣಿನ ಬಾನಿ ಸಾಕು.

ಇನ್ನು ಆಹಾರದ ಹದ. ತಿನ್ನುವುದೇ ಕಡಿಮೆಯಾದಾಗ ತಿಂದ ಪ್ರತಿ ತುತ್ತಿನಲ್ಲೂ ಸತ್ವವಿರಬೇಕು. ಹಾಗೆಂದು ಹಿಂಡಿ ಹೆಚ್ಚಿಸುವುದು ಸರಿಯಲ್ಲ: ಬೇಡದ ಪ್ರೋಟೀನನ್ನು ಹೊರಹಾಕಲು ದೇಹ ಮತ್ತಷ್ಟು ಶಾಖ ಹುಟ್ಟಿಸುತ್ತದೆ. ಕಾಳಿನ ಒಂದು ಪಾಲಿನ ಬದಲು ಸ್ವಲ್ಪ ಎಣ್ಣೆ ಬೆರೆಸಿದರೆ ಅದೇ ಶಕ್ತಿ ಕಡಿಮೆ ಕಾವಿನಲ್ಲಿ ಸಿಗುತ್ತದೆ. ಲೈಸಿನ್, ಮಿಥಿಯೊನಿನ್ ಎಂಬ ಅಮೈನೊ ಆಮ್ಲಗಳನ್ನು ಸರಿದೂಗಿಸಿದರೆ ಪ್ರೋಟೀನ್ ತುಸು ಇಳಿಸಬಹುದು. ಕಿಲೋ ಆಹಾರಕ್ಕೆ 200ರಿಂದ 250 ಮಿಲಿಗ್ರಾಂ ವಿಟಮಿನ್ ಸಿ ಕೊಡುವುದು ರೂಢಿಯಲ್ಲಿದೆ.

ಮೊಟ್ಟೆ ಕೋಳಿಯ ಕಷ್ಟ ಬೇರೆಯದು. ತೇಕಿ ತೇಕಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ. ಹಾಗಾಗಿ ಕಪ್ಪೆಚಿಪ್ಪಿನ ದಪ್ಪ ನುಚ್ಚನ್ನು ಸಂಜೆಯೇ ಹಾಕಬೇಕು. ಅಡುಗೆ ಸೋಡಾ ಕೂಡ ನೆರವಾಗುತ್ತದೆ, ಆದರೆ ಉಪ್ಪಿನ ಲೆಕ್ಕ ತಪ್ಪದಂತೆ ಪ್ರಮಾಣವನ್ನು ಪಶುವೈದ್ಯರನ್ನೇ ಕೇಳುವುದು ಕ್ಷೇಮ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಸಾಕುವವರಿಗೂ, ಜವಾರಿ ಕೋಳಿ ಇಟ್ಟವರಿಗೂ ಖರ್ಚಿಲ್ಲದ ದಾರಿಗಳಿವೆ. ಹೆಚ್ಚಿದ ನುಗ್ಗೆಸೊಪ್ಪು, ಅಜೋಲ, ಕಲ್ಲಂಗಡಿ ಸಿಪ್ಪೆಯನ್ನು ಬೆಳಗಿನ ತಂಪಿನಲ್ಲಿ ಕೊಡಬಹುದು. ಜೋಳದ ನುಚ್ಚನ್ನು ನೀರಿನಲ್ಲಿ ಕಲಸಿ ಹಾಕಿದರೆ ಆಸೆಯಿಂದ ತಿನ್ನುತ್ತವೆ. ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ, ಉಳಿದದ್ದನ್ನು ಎಸೆಯಬೇಕು. ಬೂಸ್ಟು ಹಿಡಿದರೆ ಅದರ ವಿಷ ಬಿಸಿಲಿನಷ್ಟೇ ಕೆಟ್ಟದ್ದು.

ಇಷ್ಟಾದರೂ ಒಂದು ಕೋಳಿ ಕತ್ತು ಚಾಚಿ ಕುಸಿದು ಕೂತರೆ ಆಗ ಕಾಳಿನ ಯೋಚನೆ ಬೇಡ. ನೆರಳಿಗೆ ಒಯ್ದು, ಕಾಲುಗಳನ್ನು ತಣ್ಣೀರಲ್ಲಿ ಅದ್ದಿ, ಗಾಳಿ ಬೀಸುತ್ತಾ ಗುಟುಕು ಗುಟುಕಾಗಿ ನೀರು ಕುಡಿಯಲು ಬಿಡಬೇಕು, ವೈದ್ಯರಿಗೆ ಕೂಡಲೇ ತಿಳಿಸಬೇಕು.